ಒಲೆಯಿಂದ ಮೂರು ಗೇಣು

ನಿಲ್ಕುಂದದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಮಧ್ಯಾಹ್ನ ಮೂರು ಗಂಟೆಗೂ ಅಡುಗೆಮನೆಗೆ ದೀಪ ಬೇಕು. ಸಿದ್ದಾಪುರ ತಾಲೂಕಿನ ಪಡುವಣ ಅಂಚು ಇದು. ಇನ್ನು ಸ್ವಲ್ಪ ಮುಂದೆ ಹೋದರೆ ಘಟ್ಟದ ಇಳಿಜಾರು. ಸಮುದ್ರದ ಕಡೆಯಿಂದ ಬಂದ ಮೋಡ ಗುಡ್ಡ ಹತ್ತುವಾಗಲೇ ಭಾರ ಇಳಿಸಿಕೊಳ್ಳುತ್ತದೆ. ಹೆಂಚಿನ ಮಾಡಿನ ಮೇಲೆ ಬೀಳುವ ನೀರಿನ ಸದ್ದಿನಲ್ಲಿ ಜಗುಲಿಯಲ್ಲಿ ಆಡಿದ ಮಾತು ಒಳಗಿನವರಿಗೆ ಕೇಳುವುದಿಲ್ಲ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ ಕಪ್ಪಗೆ ನಿಂತಿರುತ್ತದೆ. ಒಣಗದ ಬಟ್ಟೆ, ಬೂಸಲು ಹಿಡಿದ ಚಪ್ಪಲಿ, ಜಗುಲಿಯ ಗೂಟಕ್ಕೆ ನೇತುಹಾಕಿದ ಕಂಬಳಿಕೊಪ್ಪೆಯಿಂದ ತೊಟ್ಟಿಕ್ಕುವ ನೀರು. ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗ ಎರಡೇ. ಒಂದು ಹಂಡೆಯ ಕೆಳಗೆ ಬೆಂಕಿ ಉರಿಯುವ ಬಚ್ಚಲುಮನೆ, ಇನ್ನೊಂದು ಅಡುಗೆಮನೆ.

ಅಡುಗೆಮನೆ ಬೆಚ್ಚಗಿದೆ ಎಂದೆ. ಹಾಗೆನ್ನುವುದು ಹೊರಗಿನಿಂದ ಬಂದವರು. ಅಲ್ಲಿ ಮೂವತ್ತು ನಲವತ್ತು ವರ್ಷ ಓಡಾಡಿದ ಹೆಂಗಸಿಗೆ ಅದು ಒಂದು ಕೋಣೆಯಲ್ಲ, ಬೇರೆ ಬೇರೆ ಹವೆಯ ಏಳೆಂಟು ಜಾಗ. ಒಲೆಕಟ್ಟೆಯ ಮೇಲೆ ಒಂದು ಬಿಸಿ. ದೊಡ್ಡ ಒಲೆಯ ಉರಿ ಹಾದುಬರುವ ಕೋಡೊಲೆಯ ಮೇಲೆ ಅದಕ್ಕಿಂತ ಮೆತ್ತಗಿನ ಬಿಸಿ. ಒಲೆಯ ಹಿಂದಿನ ಗೋಡೆಯ ಗೂಡಿನಲ್ಲಿ ಕೈಯಿಟ್ಟರೆ ಮಣ್ಣು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ನಿಧಾನವಾಗಿ ಬಿಡುತ್ತಿರುವುದು ತಿಳಿಯುತ್ತದೆ. ತಲೆಯ ಮೇಲಿನ ನಾಗಂದಿಗೆಗೆ ಹೊಗೆಯೂ ಮೇಲೇರಿದ ಬಿಸಿಗಾಳಿಯೂ ತಾಗುತ್ತವೆ. ನಡುಕೋಣೆಯ ಕಂಬದ ಬುಡ ಮಧ್ಯಮ. ಕಿಟಕಿಯ ಕೆಳಗಿನ ನೆಲಕ್ಕೆ ಇರುಚಲು ಹೊಡೆಯುತ್ತದೆ, ಕಾಲಿಟ್ಟರೆ ತಣ್ಣಗೆ. ಇನ್ನು ಉಗ್ರಾಣದ ಬಾಗಿಲಿನ ಮೂಲೆ ಬೇಸಿಗೆಯಲ್ಲೂ ತಂಪು, ಮಳೆಗಾಲದಲ್ಲೂ ಅಷ್ಟೇ ತಂಪು. ಒಂದೇ ಮಾಡಿನ ಕೆಳಗೆ, ಹತ್ತು ಹೆಜ್ಜೆಯ ಅಂತರದಲ್ಲಿ, ಹತ್ತಾರು ಡಿಗ್ರಿಯ ವ್ಯತ್ಯಾಸ.

ಈ ವ್ಯತ್ಯಾಸವೇ ಮಲೆನಾಡಿನ ಹುಳಿಯ ಅಡುಗೆಯ ಬಂಡವಾಳ. ಆಷಾಢದ ಒಂದು ಸಂಜೆ ಇಂಥ ಅಡುಗೆಮನೆಯಲ್ಲಿ ಏನೇನು ಹುಳಿಯುತ್ತಿದೆ, ಏನೇನು ನೆನೆಯುತ್ತಿದೆ ಎಂದು ನೋಡುತ್ತ ಹೋದರೆ ಒಂದಕ್ಕೊಂದು ಹೊಂದದ ಜೀವಗಳೇ ಕಾಣುತ್ತವೆ. ಮಾರನೆಯ ಬೆಳಗಿನ ದೋಸೆಗೆ ಅರೆದಿಟ್ಟ ಹಿಟ್ಟು. ಹೆಪ್ಪು ಹಾಕಬೇಕಾದ ಹಾಲು. ಸೊಪ್ಪಿನಬೆಟ್ಟದ ಕಡೆಯಿಂದ ಕಡಿದು ತಂದು, ಹೆಚ್ಚಿ, ನೀರಿನಲ್ಲಿ ಮುಳುಗಿಸಿದ ಕಳಲೆ. ಮಳೆ ಶುರುವಾಗುವ ಮುಂಚೆ ಉಪ್ಪು ಬೆರೆಸಿ, ಮೇಲೆ ಕಲ್ಲು ಹೇರಿ ಇಟ್ಟ ಹಲಸಿನ ತೊಳೆ. ಫಾಲ್ಗುಣ-ಚೈತ್ರದಲ್ಲಿ ಉಪ್ಪಿಗೆ ಬಿದ್ದು ಈಗ ಮಸಾಲೆಯಲ್ಲಿ ಮುಳುಗಿರುವ ಅಪ್ಪೆಮಿಡಿ. ಇವುಗಳಲ್ಲಿ ಒಂದಕ್ಕೆ ಬೇಕಾದ ಬಿಸಿ ಇನ್ನೊಂದನ್ನು ಕೆಡಿಸುತ್ತದೆ. ಎಲ್ಲವನ್ನೂ ಸಾಲಾಗಿ ಒಂದೇ ಹಲಗೆಯ ಮೇಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಒಂದು ಉಕ್ಕಿ ಚೆಲ್ಲಿರುತ್ತದೆ, ಇನ್ನೊಂದು ಮಲಗಿಯೇ ಇರುತ್ತದೆ.

ಮೊದಲು ಹಿಟ್ಟಿನ ಮಾತು. ಅಕ್ಕಿ, ಉದ್ದು, ಒಂದು ಚಿಟಿಕೆ ಮೆಂತ್ಯ. ಇದಕ್ಕೆ ಯಾರೂ ಹೆಪ್ಪು ಹಾಕುವುದಿಲ್ಲ. ಹುಳಿ ಬರಿಸುವ ಜೀವಿಗಳು ಉದ್ದಿನ ಮೈಮೇಲೆ, ಅಕ್ಕಿಯ ಮೈಮೇಲೆ ಕೂತೇ ಬಂದಿರುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1965ರಲ್ಲಿ ಇಡ್ಲಿ ಹಿಟ್ಟಿನ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಹಿಟ್ಟನ್ನು ಎಬ್ಬಿಸುವ ಮುಖ್ಯ ಕೆಲಸಗಾರ ಯೀಸ್ಟ್ ಅಲ್ಲ, ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದರು. ಅದು ಹಿಟ್ಟಿನ ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಟ್ಟು ಏಳುತ್ತದೆ. ಸುತ್ತ 30 ಡಿಗ್ರಿಯಷ್ಟು ಇದ್ದರೆ ರಾತ್ರಿ ಬೆಳಗಾಗುವುದರೊಳಗೆ ಕೆಲಸ ಮುಗಿಯುತ್ತದೆ. ಹತ್ತು ಡಿಗ್ರಿ ಇಳಿದರೆ ಇಂಥ ಜೀವಿಗಳ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ, ರಾತ್ರಿ ಸಾಲುವುದಿಲ್ಲ. ತೀರಾ ಸೆಕೆಯಾದರೆ ಹುಳಿ ಮೊದಲು ಬಂದು ಏಳುವುದು ಹಿಂದೆ ಬೀಳುತ್ತದೆ. ಆಗ ದೋಸೆ ಹುಳಿಯಾಗಿ, ದಪ್ಪವಾಗಿ ಕಾವಲಿಗೆ ಕಚ್ಚುತ್ತದೆ.

ನಿಲ್ಕುಂದದ ಮಳೆಗಾಲದಲ್ಲಿ ಗಾಳಿ 20-22 ಡಿಗ್ರಿಯಲ್ಲಿ ಆಡುತ್ತಿರುತ್ತದೆ. ಹಾಗಾಗಿ ಉಪಾಯ ಅರೆಯುವುದಕ್ಕೆ ಮುಂಚಿನಿಂದಲೇ ಶುರು. ಉದ್ದನ್ನು ನೆನೆಸುವುದು ಉಗುರುಬೆಚ್ಚಗಿನ ನೀರಿನಲ್ಲಿ. ಒರಳಿನಲ್ಲಿ ಅರೆದ ಹಿಟ್ಟು ಕಲ್ಲಿನಷ್ಟೇ ತಣ್ಣಗಿರುತ್ತದೆ. ಈಗಿನ ಗ್ರೈಂಡರಿನಲ್ಲಿ ಉಜ್ಜಾಟಕ್ಕೆ ತುಸು ಕಾವು ಸೇರುತ್ತದೆ, ಮಿಕ್ಸಿಯಲ್ಲಾದರೆ ಇನ್ನೂ ಹೆಚ್ಚು. ಅರೆದ ಹಿಟ್ಟನ್ನು ಸುರಿಯುವ ಪಾತ್ರೆಯನ್ನು ಮೊದಲು ಬಿಸಿನೀರಿನಲ್ಲಿ ತೊಳೆಯುತ್ತಾರೆ. ಆಮೇಲೆ ಪಾತ್ರೆಯ ಸುತ್ತ ಹಳೆಯ ಕಂಬಳಿಯ ತುಂಡು. ಕಂಬಳಿ ಬಿಸಿ ಹುಟ್ಟಿಸುವುದಿಲ್ಲ, ಇದ್ದ ಬಿಸಿಯನ್ನು ಓಡಿಹೋಗದಂತೆ ಹಿಡಿಯುತ್ತದೆ. ಅದಕ್ಕೇ ತಣ್ಣಗಿನ ಹಿಟ್ಟಿಗೆ ಕಂಬಳಿ ಹೊದಿಸಿದರೆ ಅದು ತಣ್ಣಗೇ ಉಳಿಯುತ್ತದೆ ಎಂಬುದನ್ನು ಈ ಮನೆಗಳಲ್ಲಿ ಹೊಸ ಸೊಸೆಗೆ ಮೊದಲ ಮಳೆಗಾಲದಲ್ಲೇ ಹೇಳಿಕೊಡುತ್ತಾರೆ. ಮೊದಲು ಬೆಚ್ಚಗೆ ಮಾಡು, ಆಮೇಲೆ ಮುಚ್ಚು.

ಇಡುವ ಜಾಗ ಒಲೆಯಿಂದ ಮೂರು ಗೇಣು. ಎರಡು ಗೇಣಾದರೆ ಪಾತ್ರೆಯ ಒಲೆಯ ಕಡೆಯ ಮಗ್ಗುಲು ಬೇಯುವಂತಾಗಿ, ಹೊರಗಿನ ಮಗ್ಗುಲು ತಣ್ಣಗೆ ಉಳಿಯುತ್ತದೆ. ನಾಲ್ಕಾದರೆ ನೆಲದ ತಂಪು ಗೆಲ್ಲುತ್ತದೆ. ರಾತ್ರಿ ಊಟದ ಅಡುಗೆ ಮುಗಿದ ಮೇಲೆ ಕೆಂಡವನ್ನು ಒತ್ತರಿಸಿ ಬೂದಿ ಮುಚ್ಚುತ್ತಾರಲ್ಲ, ಆ ಬೂದಿಯೊಳಗಿನ ಕೆಂಡ ಬೆಳಗಿನ ಜಾವದವರೆಗೆ ಹರಿಸುವ ಸಣ್ಣ ಶಾಖಕ್ಕೆ ಈ ಮೂರು ಗೇಣಿನ ಲೆಕ್ಕ. ಕೆಂಡ ಮುರುಗಲಿನಂಥ ಗಟ್ಟಿ ಮರದ್ದಾದರೆ ಬಾಳಿಕೆ ಹೆಚ್ಚು. ಅಡಿಕೆ ಸೋಗೆ, ಹಾಳೆ ಸುಟ್ಟ ಬೂದಿಯಲ್ಲಿ ಏನೂ ಉಳಿಯುವುದಿಲ್ಲ. ಆ ದಿನ ಸೌದೆ ಯಾವುದಿತ್ತು ಎಂಬುದನ್ನು ನೋಡಿ ಪಾತ್ರೆ ಒಂದು ಗೇಣು ಈಚೆಗೋ ಆಚೆಗೋ ಹೋಗುತ್ತದೆ. ಇದನ್ನು ನಾನು ಅಂದಾಜು ಎನ್ನಲಾರೆ. ಅಳತೆಯ ಕೋಲು ಮೈಯೊಳಗೇ ಇದೆ, ಅಷ್ಟೆ.

ಹಾಲಿನ ಕಥೆ ಬೇರೆ. ಕಾಯಿಸಿದ ಹಾಲು ಉಗುರುಬೆಚ್ಚಗಾದಾಗ ಹೆಪ್ಪು ಬೀಳಬೇಕು. ಬಿಸಿ ಹೆಚ್ಚಿದ್ದರೆ ಮೊಸರು ಒಡೆದು ನೀರುಬಿಡುತ್ತದೆ. ತೀರಾ ತಣಿದಿದ್ದರೆ ಬೆಳಿಗ್ಗೆ ಹಾಲೂ ಅಲ್ಲದ ಮೊಸರೂ ಅಲ್ಲದ, ಬೆರಳಿಗೆ ನೂಲಿನಂತೆ ಎಳೆಯುವ ಲೋಳೆ ಸಿಗುತ್ತದೆ. ಕಾರಣ, ಮನೆಯ ಹೆಪ್ಪಿನಲ್ಲಿ ಒಂದೇ ಜೀವಿ ಇರುವುದಿಲ್ಲ. ಬೆಚ್ಚಗಿನಲ್ಲಿ ಹುರುಪಾಗುವವು ಕೆಲವು, ತಂಪಿನಲ್ಲಿ ಮುಂದಾಗುವವು ಕೆಲವು. ನಾವು ಪಾತ್ರೆಯನ್ನು ಎಲ್ಲಿಡುತ್ತೇವೆ ಎಂಬುದು ಅವುಗಳಲ್ಲಿ ಯಾರ ಕೈ ಮೇಲಾಗಬೇಕು ಎಂಬ ತೀರ್ಮಾನವೂ ಹೌದು. ಹೀಗಾಗಿ ಮಳೆಗಾಲದಲ್ಲಿ ಹೆಪ್ಪಿನ ಪಾತ್ರೆಗೆ ಸಲ್ಲುವುದು ಒಲೆಯ ಹಿಂದಿನ ಗೂಡು. ಅಲ್ಲಿ ಗಾಳಿ ಆಡುವುದಿಲ್ಲ, ಮೂರು ಕಡೆಯೂ ಬೆಚ್ಚಗಿನ ಮಣ್ಣು. ಹಿಟ್ಟಿಗಿಂತ ಮೊಸರಿಗೆ ಬಿಸಿ ಹೆಚ್ಚು ಬೇಕು, ಆದರೆ ಕಡಿಮೆ ಹೊತ್ತು ಸಾಕು. ಐದಾರು ಗಂಟೆಯಲ್ಲಿ ಹೆಪ್ಪಾದ ಮೊಸರನ್ನು ಬೆಳಿಗ್ಗೆ ಎದ್ದವರು ಮೊದಲು ಗೂಡಿನಿಂದ ಇಳಿಸಿ ನೆಲುವಿಗೆ ಏರಿಸುತ್ತಾರೆ, ಹುಳಿ ಅಲ್ಲಿಗೇ ನಿಲ್ಲಲಿ ಎಂದು. ಖಾಲಿಯಾದ ಗೂಡಿಗೆ ಇನ್ನೂ ಏಳದ ಹಿಟ್ಟೇನಾದರೂ ಇದ್ದರೆ ಅದು ಹೋಗುತ್ತದೆ. ಒಂದು ಜಾಗ, ಇಬ್ಬರು ಒಕ್ಕಲು, ಸರದಿಯ ಮೇಲೆ.

ಕೆನೆಮೊಸರು ಕಡೆದಾಗ ಏಳುವ ಆ ಪರಿಮಳ ಇದೆಯಲ್ಲ, ಹೊಸ ಬೆಣ್ಣೆಯದು, ಅದರ ಹಿಂದೆ ಡೈಅಸಿಟೈಲ್ ಎಂಬ ಒಂದು ಸಣ್ಣ ಅಣು ಇದೆ. ತಂಪಿನಲ್ಲಿ ನಿಧಾನ ಹುಳಿಯುವ ಕೆಲವು ಬ್ಯಾಕ್ಟೀರಿಯಾಗಳು ಹಾಲಿನ ಸಿಟ್ರೇಟಿನಿಂದ ಅದನ್ನು ಮಾಡುತ್ತವೆ. ಮಲೆನಾಡು ಗಿಡ್ಡದ ಹಾಲು, ಮಣ್ಣಿನ ಗಡಿಗೆ, ತಡವಾದ ಹೆಪ್ಪು. ಆ ಬೆಣ್ಣೆಯ ವಾಸನೆ ಹಿತ್ತಲವರೆಗೂ ಬರುತ್ತದೆ. ಈ ಅಣುವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ದೇಶದ ಇನ್ನೊಂದು ಪಾತ್ರೆಯಲ್ಲಿ ಮತ್ತೆ ಸಿಗುತ್ತದೆ.

ಕಳಲೆ ಬಿಸಿಲಿಗೂ ಬೆಂಕಿಗೂ ಹೆಚ್ಚು ಗೊಡವೆ ಇಲ್ಲದ್ದು. ಅದಕ್ಕೆ ಬೇಕಾದದ್ದು ನೀರು ಮತ್ತು ಮೂರು ದಿನ. ಎಳೆ ಬಿದಿರಿನಲ್ಲಿರುವ ಕಹಿ ವಿಷಾಂಶ ನೀರಿಗೆ ಇಳಿದುಹೋಗಬೇಕು, ದಿನಾ ನೀರು ಬದಲಿಸಬೇಕು. ಕಿಟಕಿಯ ಕೆಳಗಿನ ತಣ್ಣಗಿನ ನೆಲವೇ ಸಾಕು. ಒಲೆಯ ಹತ್ತಿರ ಇಟ್ಟರೆ ಎರಡನೇ ದಿನಕ್ಕೇ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಉಪ್ಪಿನ ತೊಳೆಯ ಭರಣಿಗೂ ತಂಪೇ ಸರಿ.

ಅಪ್ಪೆಮಿಡಿಗೆ ಉಗ್ರಾಣದ ಒಳಮೂಲೆ. ಅಘನಾಶಿನಿ, ಶರಾವತಿ, ಬೇಡ್ತಿ, ವರದೆಯ ದಂಡೆಗಳ ಕಾಡುಮಾವಿನ ಮಿಡಿ ಇದು. ಭೌಗೋಳಿಕ ಸೂಚಿಕೆಯ ಮಾನ್ಯತೆ ಈಚೆಗೆ ಬಂತು, ಮರ್ಯಾದೆ ಮೊದಲಿನಿಂದಲೂ ಇತ್ತು. ಹರಳುಪ್ಪಿನಲ್ಲಿ ಮಿಡಿ ತನ್ನ ನೀರು ಬಿಟ್ಟು ಚಿರುಟಬೇಕು, ಸೊನೆಯ ಪರಿಮಳ ಒಳಗೇ ಉಳಿಯಬೇಕು, ಕಚ್ಚಿದರೆ ಕಟುಂ ಎನ್ನಬೇಕು. ಉಪ್ಪು ಇಲ್ಲಿ ಕಾವಲುಗಾರ. ಬೇಡದ ಜೀವಿಗಳನ್ನು ಒಳಗೆ ಬಿಡುವುದಿಲ್ಲ. ಆದರೆ ಕಾವಲುಗಾರ ಒಬ್ಬನಿಂದ ಆಗುವುದಿಲ್ಲ. ಬಿಸಿ ಏರಿ ಇಳಿದು ಮಾಡಿದರೆ ಮಿಡಿ ಮೆತ್ತಗಾಗುತ್ತದೆ, ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಒಂದೇ ಹವೆ ವರ್ಷವಿಡೀ ಇರುವ ಜಾಗ ಬೇಕು. ಎಷ್ಟು ತಂಪು ಎನ್ನುವುದಕ್ಕಿಂತ ಎಷ್ಟು ಅಲುಗಾಡದ ತಂಪು ಎನ್ನುವುದು ಮುಖ್ಯ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಒದ್ದೆ ಕೈ ತಾಗದಂತೆ ಗೋಡೆಗೆ ಒತ್ತಿ ಇಟ್ಟರೆ ಎರಡು ಮೂರು ವರ್ಷ ನಿಶ್ಚಿಂತೆ.

ಇದೇ ತೊಡಕು, ಒಂದೇ ಜಾಗದಲ್ಲಿ ಬೇರೆ ಬೇರೆ ಹವೆ ಬೇಡುವ ಹುಳಿಗಳನ್ನು ಸಾಕುವುದು, ಜಗತ್ತಿನ ಇನ್ನೊಂದು ಮೂಲೆಯಲ್ಲಿ ಬಿಯರ್ ಮಾಡುವವರನ್ನು ನೂರಾರು ವರ್ಷ ಕಾಡಿದೆ. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ದೊರೆ ಐದನೆಯ ಆಲ್ಬ್ರೆಕ್ಟ್ ಬೇಸಿಗೆಯಲ್ಲಿ ಬಿಯರ್ ಮಾಡುವುದನ್ನೇ ನಿಷೇಧಿಸಿದ. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಅನುಮತಿ. ಸೆಕೆಯಲ್ಲಿ ಮಾಡಿದ್ದು ಕೆಡುತ್ತಿತ್ತು, ಚಳಿಯಲ್ಲಿ ಮಾಡಿದ್ದು ಉಳಿಯುತ್ತಿತ್ತು. ಏಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆ ಕಡಿದು ನೆಲಮಾಳಿಗೆಗೆ ತುಂಬಿಸಿ ಬೇಸಿಗೆ ಕಳೆಯುತ್ತಿದ್ದರು. ಲೂಯಿ ಪಾಶ್ಚರ್ 1876ರಲ್ಲಿ ಬಿಯರಿನ ಮೇಲೆಯೇ ಒಂದು ಪುಸ್ತಕ ಬರೆದು, ಕೆಡಿಸುವ ಜೀವಿಗಳು ಯಾವುವು ಎಂದು ತೋರಿಸಿದ. ಅದೇ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ತಂಪು ಯಂತ್ರ ಮ್ಯೂನಿಕ್ಕಿನ ಬಿಯರ್ ಕಾರ್ಖಾನೆಗೆ ಬಂತು. ನಮ್ಮ ಮನೆಗಳ ಫ್ರಿಜ್ಜಿನ ಹಿರಿಯರಲ್ಲಿ ಅದೂ ಒಂದು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ತಂಪಿನಲ್ಲಿ ಕೆಲಸ ಮಾಡುವ ಯೀಸ್ಟಿನ ಒಂದೇ ತಳಿಯನ್ನು ಬೇರ್ಪಡಿಸಿ ಬೆಳೆಸಿದ.

ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ ಅದಕ್ಕೆ ಕಾನೂನಿನ ಅಡ್ಡಿಯಿಲ್ಲದ ದೇಶಗಳಲ್ಲಿ ಸಾಮಾನ್ಯ. ಅಮೆರಿಕದಲ್ಲಿ 1978ರಲ್ಲಿ ಕೇಂದ್ರ ಕಾನೂನು ಅದಕ್ಕೆ ದಾರಿ ಬಿಟ್ಟಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಹಾಗಾಗಿ ಇಲ್ಲಿ ಅದು ಓದಿ ತಿಳಿಯುವ ವಿಷಯ. ಆದರೆ ಓದಿದಷ್ಟೂ ನನಗೆ ನಮ್ಮ ಸೀಮೆಯ ಅಡುಗೆಮನೆಯೇ ಕಾಣುತ್ತದೆ. ಆ ಹವ್ಯಾಸಿಗಳ ಹತ್ತಿರ ಇರುವುದು ಸಾಮಾನ್ಯವಾಗಿ ಒಂದು ಹಳೆಯ ಫ್ರಿಜ್ಜು. ಅದರೊಳಗೆ ಒಮ್ಮೆಗೇ ಎರಡು ಮೂರು ಬಗೆ ಹುದುಗಬೇಕು. ಲಾಗರ್ ಎಂಬ ಬಗೆಗೆ 10 ಡಿಗ್ರಿಯ ಆಸುಪಾಸು ಬೇಕು. ಏಲ್‌ಗೆ 18ರಿಂದ 20. ಗೋಧಿ ಬಿಯರಿಗೆ ಅದರ ಆಸುಪಾಸಿನಲ್ಲೇ ಒಂದೆರಡು ಡಿಗ್ರಿ ತಗ್ಗಿಸಿದರೆ ಲವಂಗದ ವಾಸನೆ, ಏರಿಸಿದರೆ ಬಾಳೆಹಣ್ಣಿನ ವಾಸನೆ. ಬೆಲ್ಜಿಯಂ ಹಳ್ಳಿಗಳ ಸೇಸಾನ್ 30ರ ಹತ್ತಿರವೂ ನಿಶ್ಚಿಂತೆಯಿಂದ ಇರುತ್ತದೆ. ನಾರ್ವೆಯ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೈಕ್ ಯೀಸ್ಟು 35 ದಾಟಿದರೂ ಹಿಂಜರಿಯುವುದಿಲ್ಲ.

ಒಂದು ಪೆಟ್ಟಿಗೆಗೆ ಒಂದೇ ತಂಪು. ಹಾಗಾದರೆ ಏನು ಮಾಡುವುದು? ಅವರು ಕಂಡುಕೊಂಡ ದಾರಿ: ಪೆಟ್ಟಿಗೆಯನ್ನು ಅತಿ ತಂಪು ಬೇಡುವವನಿಗೆ ಹೊಂದಿಸಿ ಬಿಡುವುದು, ಬಿಸಿ ಬೇಡುವವರಿಗೆ ಅವರವರ ಪಾತ್ರೆಗೇ ಬಿಸಿ ಕೊಡುವುದು. ಏಲ್ ಇರುವ ಪಾತ್ರೆಯ ಸುತ್ತ ಬೆಚ್ಚಗಿನ ಪಟ್ಟಿ ಸುತ್ತಿ, ಮೇಲೆ ಹೊದಿಕೆ ಹಾಕಿ, ಅದಕ್ಕೆ ಬೇರೆ ನಿಯಂತ್ರಕ ಇಡುತ್ತಾರೆ. ಇಡೀ ಕೋಣೆ ಕಾಯಿಸಿ ಒಂದನ್ನು ತಣಿಸುವುದಕ್ಕಿಂತ ಇಡೀ ಕೋಣೆ ತಣ್ಣಗಿಟ್ಟು ಒಂದನ್ನು ಕಾಯಿಸುವುದು ಸುಲಭ. ನಿಲ್ಕುಂದದ ಮಳೆಗಾಲದಲ್ಲಿ ಕೋಣೆಯನ್ನು ತಣ್ಣಗಿಡುವ ಖರ್ಚು ಮಳೆಯದ್ದು. ಅಡುಗೆಮನೆಯವರು ಪಾತ್ರೆಯ ಬಿಸಿಯನ್ನಷ್ಟೇ ನೋಡಿಕೊಳ್ಳುತ್ತಾರೆ.

ಬಿಯರ್ ಹವ್ಯಾಸಿಗಳ ಎರಡನೆಯ ಪಾಠ ಇನ್ನೂ ಸೂಕ್ಷ್ಮ. ಥರ್ಮಾಮೀಟರಿನ ತುದಿಯನ್ನು ಪೆಟ್ಟಿಗೆಯ ಗಾಳಿಯಲ್ಲಿ ನೇತುಬಿಟ್ಟರೆ ಗಾಳಿಯ ಬಿಸಿ ಗೊತ್ತಾಗುತ್ತದೆ, ಬಿಯರಿನದ್ದಲ್ಲ. ಹುದುಗುವಾಗ ಯೀಸ್ಟು ತಾನೇ ಬಿಸಿ ಬಿಡುತ್ತದೆ. 20 ಲೀಟರಿನ ಪಾತ್ರೆಯ ಒಳಗೆ ಭರಾಟೆಯ ಹೊತ್ತಿನಲ್ಲಿ ಹೊರಗಿಗಿಂತ ಮೂರರಿಂದ ಐದು ಡಿಗ್ರಿ ಹೆಚ್ಚಿರಬಹುದು. ಅದಕ್ಕೆ ತುದಿಯನ್ನು ಪಾತ್ರೆಯ ಮೈಗೆ ಅಂಟಿಸಿ ಮೇಲೆ ದಪ್ಪ ಹೊದಿಕೆ ಒತ್ತುತ್ತಾರೆ. ನಮ್ಮಲ್ಲಿ ಅದೇ ಕೆಲಸ ಕೈಹಿಂಬದಿಯಿಂದ. ರಾತ್ರಿ ಮಲಗುವ ಮುಂಚೆ ಪಾತ್ರೆಯ ಮೈಗೆ ಕೈಯ ಹಿಂಬದಿ ತಾಗಿಸಿ ನೋಡುವುದು, ಅಂಗೈಯಿಂದಲ್ಲ. ಅಂಗೈ ಒಲೆಯ ಕೆಲಸದಲ್ಲಿ ಕಾಯಿಕಟ್ಟಿರುತ್ತದೆ.

ಮೂರನೆಯದು ಹೊತ್ತಿನ ಲೆಕ್ಕ. ಯೀಸ್ಟಿನ ರುಚಿ ನಿರ್ಧಾರವಾಗುವುದು ಬಹುಪಾಲು ಮೊದಲ ಮೂರು ನಾಲ್ಕು ದಿನದಲ್ಲಿ. ಆಗ ಬಿಸಿ ಹೆಚ್ಚಾದರೆ ಬೇಡದ ಖಾರದ ಮದ್ಯಸಾರಗಳೂ ಅತಿಯಾದ ಹಣ್ಣಿನ ವಾಸನೆಯೂ ಹುಟ್ಟುತ್ತವೆ; ಆಮೇಲೆ ತುಸು ಏರುಪೇರಾದರೂ ನಷ್ಟ ಕಡಿಮೆ. ಹಾಗಾಗಿ ಒಂದರ ಭರಾಟೆ ಮುಗಿದ ಮೇಲೆ ಅದನ್ನು ಪೆಟ್ಟಿಗೆಯಿಂದ ಹೊರಗಿಟ್ಟು ಇನ್ನೊಂದನ್ನು ಒಳಗೆ ಬಿಡುತ್ತಾರೆ. ಗೂಡಿನಲ್ಲಿ ಮೊಸರು ಇಳಿದು ಹಿಟ್ಟು ಏರುವ ಸರದಿಯೇ ಇದು. ಲಾಗರ್ ಮುಗಿಯುವ ಹೊತ್ತಿಗೆ ಒಂದೆರಡು ದಿನ ಬೇಕೆಂದೇ 15-18 ಡಿಗ್ರಿಗೆ ಏರಿಸುವ ಪದ್ಧತಿಯೂ ಇದೆ. ಕಾರಣ ಡೈಅಸಿಟೈಲ್! ಲಾಗರಿನಲ್ಲಿ ಬೆಣ್ಣೆಯ ವಾಸನೆ ಬಂದರೆ ಅದು ದೋಷ. ತುಸು ಬೆಚ್ಚಗಾದ ಯೀಸ್ಟು ತಾನು ಬಿಟ್ಟ ಆ ಅಣುವನ್ನು ತಾನೇ ಮರಳಿ ತಿಂದು ಸರಿಮಾಡುತ್ತದೆ. ನಮ್ಮ ಕಡೆ ಯಾವ ಪರಿಮಳಕ್ಕಾಗಿ ಕೆನೆಯನ್ನು ತಂಪಿನಲ್ಲಿ ಕಾಯುತ್ತಾರೋ ಅದನ್ನೇ ಕಳೆಯುವುದಕ್ಕೆ ಅಲ್ಲಿ ಬೆಚ್ಚಗೆ ಮಾಡಿ ಕಾಯುತ್ತಾರೆ.

ಋತು ಬದಲಾದರೆ ಅಡುಗೆಮನೆಯ ನಕ್ಷೆಯೂ ಬದಲಾಗುತ್ತದೆ. ಮಾರ್ಗಶಿರ-ಪುಷ್ಯದ ಬೆಳಗಿನ ಜಾವ ಹೊರಗೆ 15 ಡಿಗ್ರಿಯ ಆಸುಪಾಸು, ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಸುತ್ತ ಜನ. ಸುಗ್ಗಿಯ ಆ ದಿನಗಳಲ್ಲಿ ದೋಸೆಹಿಟ್ಟು ಬಚ್ಚಲುಮನೆಗೆ ಹೋಗುವುದುಂಟು, ಹಂಡೆಯ ಒಲೆಯ ಪಕ್ಕಕ್ಕೆ. ಅಲ್ಲಿ ಬಿಸಿ ಹೆಚ್ಚು ನಂಬುವಂತಿರುತ್ತದೆ, ಸ್ನಾನಕ್ಕೆಂದು ಬೆಳಗಿನ ಜಾವವೇ ಮತ್ತೆ ಬೆಂಕಿ ಬೀಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಎಲ್ಲ ತಿರುವುಮುರುವು. ಸಂಜೆ ಅರೆದ ಹಿಟ್ಟು ನಡುರಾತ್ರಿಗೇ ಉಕ್ಕುತ್ತದೆ. ಆಗ ಪಾತ್ರೆಗೆ ಕಿಟಕಿಯ ಕೆಳಗಿನ ನೆಲ, ಅಗಲ ಬಾಯಿಯ ತಟ್ಟೆಯಲ್ಲಿ ನೀರು, ನೀರಿನೊಳಗೆ ಪಾತ್ರೆ, ಪಾತ್ರೆಯ ಮೈಗೆ ಒದ್ದೆ ಬಟ್ಟೆ. ಬಟ್ಟೆಯ ನೀರು ಆವಿಯಾಗುತ್ತ ಹಿಟ್ಟಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಇರುವೆಯೂ ಹತ್ತುವುದಿಲ್ಲ. ಫ್ರಿಜ್ಜಿಲ್ಲದ ಬಿಯರ್ ಹವ್ಯಾಸಿಗಳೂ ಇದನ್ನೇ ಮಾಡುತ್ತಾರೆ, ನೀರಿನ ತೊಟ್ಟಿ, ಒದ್ದೆ ಬಟ್ಟೆ, ಎದುರಿಗೊಂದು ಫ್ಯಾನು. ಆದರೆ ಈ ಉಪಾಯ ಮಳೆಗಾಲದಲ್ಲಿ ನಡೆಯದು. ಗಾಳಿ ಮೊದಲೇ ನೀರು ಕುಡಿದು ತುಂಬಿರುವಾಗ ಬಟ್ಟೆಯ ನೀರು ಎಲ್ಲಿಗೆ ಹೋಗಬೇಕು? ಜೂನ್ ಬಂದ ಕೂಡಲೇ ಒದ್ದೆ ಬಟ್ಟೆ ಒಳಗೆ ಹೋಗಿ ಕಂಬಳಿ ಹೊರಗೆ ಬರುತ್ತದೆ.

ಈ ನಕ್ಷೆ ಅಳಿಸುತ್ತಿದೆ ಎಂಬ ಸಂಕಟ ನನಗಿದೆ. ಒಲೆ ಬದಲಾದದ್ದು ಒಂದೇ ಸಲಕ್ಕಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಹೊಗೆ ಕಡಿಮೆಯ ಒಲೆ ನಮ್ಮ ಜಿಲ್ಲೆಯ ಮನೆಮನೆಗೆ ಬಂತು. ಹೆಂಗಸರ ಕಣ್ಣು, ಎದೆ ಉಳಿಸಿದ ಒಲೆ ಅದು. ಅದರ ಋಣ ದೊಡ್ಡದು. ಅದು ಬಂದಾಗ ನಾಗಂದಿಗೆಯ ಹೊಗೆ ಹೋಯಿತು, ಆದರೆ ಹೊಗೆಕೊಳವೆಯ ಬುಡ ಎಂಬ ಹೊಸ ಬೆಚ್ಚಗಿನ ಜಾಗ ಸಿಕ್ಕಿತು. ಒಂದೆರಡು ವರ್ಷದಲ್ಲಿ ಹಿಟ್ಟಿನ ಪಾತ್ರೆ ಅಲ್ಲಿಗೆ ನೆಲೆ ಬದಲಿಸಿತು. ಗ್ಯಾಸ್ ಒಲೆ ಹಾಗಲ್ಲ. ಆರಿಸಿದ ಕೂಡಲೇ ತಣ್ಣಗಾಗುತ್ತದೆ, ರಾತ್ರಿಗೆ ಕೆಂಡ ಉಳಿಸುವುದಿಲ್ಲ. ಸಿಮೆಂಟಿನ ಗೋಡೆ, ತಾರಸಿ ಮಾಡು ಬಂದ ಮನೆಗಳಲ್ಲಿ ಹಗಲು ಕಾಯುತ್ತದೆ, ರಾತ್ರಿ ಎಲ್ಲ ಮೂಲೆಯೂ ಒಂದೇ ಹವೆ. ಗೂಡು ಇಲ್ಲ, ಉಗ್ರಾಣದ ತಂಪೂ ಇಲ್ಲ. ಆದರೂ ಕೈಯ ಅರಿವು ಸುಲಭಕ್ಕೆ ಸೋಲುವುದಿಲ್ಲ. ಹೊಸ ಮನೆಗಳಲ್ಲಿ ಹಿಟ್ಟಿನ ಪಾತ್ರೆ ಫ್ರಿಜ್ಜಿನ ಹಿಂಬದಿಯ ಬಿಸಿಗೋ ಇನ್ವರ್ಟರಿನ ಮಗ್ಗುಲಿಗೋ ಹೋಗಿ ಕೂತಿರುವುದನ್ನು ನೋಡಿದ್ದೇನೆ. ತಂಪು ಮಾಡುವ ಯಂತ್ರದ ಬೆನ್ನು ಬಿಸಿ ಎಂದು ಯಾವ ಪುಸ್ತಕವೂ ಅವರಿಗೆ ಹೇಳಿರಲಿಲ್ಲ.

ಫ್ರಿಜ್ಜಿನ ಒಳಗಿನ 4 ಡಿಗ್ರಿಯಲ್ಲಿ ಹಿಟ್ಟು ಏಳುವುದಿಲ್ಲ, ಎದ್ದದ್ದು ಕಾಯುತ್ತದೆ ಅಷ್ಟೇ. ಅದೂ ಕರೆಂಟು ಇದ್ದರೆ. ಘಟ್ಟದ ಅಂಚಿನ ಊರುಗಳಲ್ಲಿ ಆಷಾಢ ಎಂದರೆ ತಂತಿಯ ಮೇಲೆ ಮರ ಬೀಳುವ ತಿಂಗಳು. ಎರಡು ದಿನ, ಮೂರು ದಿನ ಕತ್ತಲೆ. ಆಗ ಹಿತ್ತಲ ಸೌದೆ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ, ಕಂಬಳಿ ತುಂಡು ಹುಡುಕಿ ತರುತ್ತಾರೆ, ಹೊಸ ತಲೆಮಾರಿನವರು ಹಳಬರನ್ನು ಕರೆದು ಪಾತ್ರೆ ಎಲ್ಲಿಡುವುದೆಂದು ಕೇಳುತ್ತಾರೆ.

ಇಂಥದ್ದೇ ಒಂದು ಸಂಜೆ, ನಿಲ್ಕುಂದದ ಹತ್ತಿರದ ಒಂದು ಮನೆ. ಮೂರು ದಿನದಿಂದ ಬಿಡದೆ ಹೊಡೆದ ಮಳೆ ಸ್ವಲ್ಪ ಹೊಳವಾಗಿದೆ. ನಾಳೆ ಹೀಗೇ ಇದ್ದರೆ ತೋಟಕ್ಕೆ ಔಷಧಿ ಹೊಡೆಯಬೇಕು. ಕೊಳೆರೋಗ ಬೀಳುವ ಮುಂಚೆ ಬೋರ್ಡೋ ಮಿಶ್ರಣ ಗೊನೆಗೆ ತಾಗಲೇಬೇಕು, ಇಂಥ ಹೊಳವು ಕಾದು ಕೂತರೆ ಸಿಗುವಂಥದ್ದಲ್ಲ. ಮೈಲುತುತ್ತ ನೆನೆಹಾಕಿ ಆಗಿದೆ, ಸುಣ್ಣ ಬೇರೆ ಡ್ರಮ್ಮಿನಲ್ಲಿ ಇದೆ. ಮರ ಹತ್ತುವವರು, ಪೈಪು ಹಿಡಿಯುವವರು, ಪಂಪು ನೋಡುವವರು ಎಂದು ಹತ್ತು ಜನಕ್ಕೆ ಬೆಳಗಿನ ತಿಂಡಿ ಆಗಬೇಕು. ಕರೆಂಟಿಲ್ಲ. ಸೊಸೆ ಒರಳಿನಲ್ಲೇ ಅರೆದು ದೊಡ್ಡ ಪಾತ್ರೆ ತುಂಬಿಸಿದ್ದಾಳೆ. ದಿನದ ಹಿಟ್ಟಿನ ಮೂರು ಪಾಲು. ಎಂದಿನಂತೆ ಒಲೆಯ ಹತ್ತಿರ ಇಟ್ಟು ಕಂಬಳಿ ಸುತ್ತುತ್ತಿರುವಾಗ ಅತ್ತೆ ದೇವರ ಮುಂದೆ ದೀಪ ಹಚ್ಚಿ ಒಳಗೆ ಬಂದರು.

"ತಂಗಿ, ಇಷ್ಟು ಹಿಟ್ಟು ಒಲೆ ಹತ್ರ ಇಡಡ."

"ಚಳಿ ಇದ್ದಲ್ಲ ಅತ್ತೆ. ನಿನ್ನೆ ಹಿಟ್ಟು ಸರಿ ಬೈಂದಿಲ್ಲೆ."

"ನಿನ್ನೆ ಸಣ್ಣ ಪಾತ್ರೆ. ದೊಡ್ಡ ಪಾತ್ರೆ ಬೇಗ ತಣಿತಿಲ್ಲೆ, ಒಳಗೆ ಬಿಸಿ ಹಿಡಿತು. ಕಂಬದ ಬುಡಕ್ಕೆ ಇಡು, ತಾನಾಗೇ ಬತ್ತು."

ಸೊಸೆ ಪಾತ್ರೆಯನ್ನು ಕಂಬದ ಬುಡಕ್ಕೆ ಸರಿಸಿದಳು. ಅತ್ತೆ ಬಗ್ಗಿ, ಕಂಬಳಿಯ ಸಂದಿಯಿಂದ ಕೈಯ ಹಿಂಬದಿ ತಾಗಿಸಿ ನೋಡಿದರು. ಕಂಬಳಿಯ ಒಂದು ಮಡಿಕೆ ಬಿಚ್ಚಿದರು. ಒಲೆಯ ಪಕ್ಕ ಖಾಲಿಯಾದ ಜಾಗಕ್ಕೆ, ಬೆಳಿಗ್ಗೆ ಆಳುಗಳಿಗೆ ಮಜ್ಜಿಗೆ ಬೇಕೆಂದು, ಇನ್ನೊಂದು ಪಾತ್ರೆ ಹಾಲಿಗೆ ಹೆಪ್ಪು ಹಾಕಿ ಇಟ್ಟರು. ಹೊರಗೆ ಗಂಡಸರು ಗಂಡುಗತ್ತಿಯನ್ನು ಸ್ವಲ್ಪ ಸುಣ್ಣ ಬೆರೆಸಿದ ಮೈಲುತುತ್ತದ ನೀರಿಗೆ ಅದ್ದಿ, ತುಕ್ಕಿನ ಬಣ್ಣ ಹಿಡಿಯುತ್ತದೋ ನೋಡುತ್ತ, ಇನ್ನೆಷ್ಟು ಸುಣ್ಣ ಬೇಕೆಂದು ಲೆಕ್ಕ ಹಾಕುತ್ತಿದ್ದರು.